ಕರೆಯುವ ಕೆಲಸ

ಹೊಳೆ ತಿರುಗುವ ಕಡೆ ಒಂದು ಸಣ್ಣ ಮಠ. ಅಲ್ಲಿದ್ದ ಗುರುಗಳ ಹೆಸರು ರೇವಣಯ್ಯ. ಸುತ್ತಲಿನ ಊರುಗಳ ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜಾರು ಪ್ರವಚನ ಹೇಳುವವರಲ್ಲ. ಪವಾಡ ಮಾಡುವವರಂತೂ ಅಲ್ಲವೇ ಅಲ್ಲ. ನಸುಕಿನಲ್ಲಿ ಎದ್ದು, ಹೊಳೆಯಲ್ಲಿ ಮುಳುಗೆದ್ದು, ದಂಡೆಯ ಬಂಡೆಯ ಮೇಲೆ ಕೂತು ‘ಶಿವಾ’ ಎಂದು ಕರೆಯುತ್ತಿದ್ದರು. ಅದು ಜಪದ ಹಾಗೆ ಇರುತ್ತಿರಲಿಲ್ಲ. ಆಚೆ ದಂಡೆಯಲ್ಲಿ ನಡೆದು ಹೋಗುತ್ತಿರುವ ಯಾರನ್ನೋ ನಿಲ್ಲಿಸಲು ಕೂಗಿದ ಹಾಗೆ ಇರುತ್ತಿತ್ತು.

ಆ ದನಿಗೆ ಮನಸೋತು ಮಠ ಸೇರಿದವನು ಅಡಿವೆಪ್ಪ. ಹೊಲಮನೆಯನ್ನು ತಮ್ಮ ಶರಣಪ್ಪನ ಕೈಗೆ ಒಪ್ಪಿಸಿ, ಅವ್ವನ ಕಾಲು ಮುಟ್ಟಿ ಬಂದುಬಿಟ್ಟಿದ್ದ.

ಮೊದಲ ವರ್ಷಗಳು ಜೇನಿನಂಥವು. ಕಣ್ಣು ಮುಚ್ಚಿ ಕೂತರೆ ಸಾಕು, ಕೆನ್ನೆ ತೊಯ್ಯುತ್ತಿತ್ತು. ಮೈ ನವಿರೇಳುತ್ತಿತ್ತು. ಇನ್ನೇನು, ಶಿವ ಬಾಗಿಲ ತನಕ ಬಂದೇಬಿಟ್ಟಿದ್ದಾನೆ ಅನ್ನಿಸುತ್ತಿತ್ತು.

ಆಮೇಲೊಂದು ಮಳೆಗಾಲ ಹೊಳೆ ಏರಿತು. ನಡುಗಡ್ಡೆಯಲ್ಲಿ ಮೇಯುತ್ತಿದ್ದ ದನಗಳನ್ನು ಹೊಡೆದುಕೊಂಡು ಬರಲು ಹೋದ ಶರಣಪ್ಪ ತಿರುಗಿ ಬರಲಿಲ್ಲ. ದನಗಳು ಈಜಿ ದಂಡೆ ಸೇರಿದವು. ಮಗನ ಮುಖವನ್ನು ಕೊನೆಗೊಮ್ಮೆ ಕೂಡ ಕಾಣದ ಅವ್ವ ಕೊರಗಿ ಕೊರಗಿ, ಸುಗ್ಗಿ ಬರುವುದರೊಳಗೆ ತಾನೂ ಹೋದಳು.

ಅಡಿವೆಪ್ಪ ಅವ್ವನನ್ನು ಮಣ್ಣು ಮಾಡಿ ಮಠಕ್ಕೆ ಮರಳಿದ. ಎಂದಿನಂತೆ ಹೊಳೆಗೆ ಹೋದ. ಬಂಡೆಯ ಮೇಲೆ ಕೂತ. ಬಾಯಿ ತೆರೆದ.

ನಾಲಿಗೆ ಹೊರಳಲಿಲ್ಲ. ಎದುರಿಗೆ ಹರಿಯುತ್ತಿದ್ದದ್ದು ತಮ್ಮನನ್ನು ನುಂಗಿದ ನೀರು.

ಮರುದಿನವೂ ಹಾಗೆಯೇ. ಚಳಿಗಾಲ ಕಳೆದರೂ ಹಾಗೆಯೇ. ಕಣ್ಣೀರಿಲ್ಲ, ಪುಲಕವಿಲ್ಲ. ಒಳಗೆಲ್ಲ ಬಿತ್ತದೆ ಬಿಟ್ಟ ಹೊಲದಂಥ ಬಯಲು.

ಒಂದು ಬೆಳಗ್ಗೆ ಅವನು ಅಜ್ಜಾರ ಮುಂದೆ ಬಂದು ನಿಂತ.

“ಅಜ್ಜಾರ, ಒಂದು ಮಾತು ಕೇಳ್ತೀನಿ. ಮುಚ್ಚಿಡಬಾರದು.”

“ಕೇಳು ತಮ್ಮಾ.”

“ನಿಮಗ ದೇವರು ಕಂಡಾನೇನ್ರಿ?”

ಅಜ್ಜಾರು ಒದ್ದೆ ಧೋತರ ಹಿಂಡುತ್ತಿದ್ದರು. “ಇಲ್ಲ,” ಅಂದರು.

“ಒಮ್ಮಿನೂ?”

“ಹರೇದಾಗ ಒಂದಿಷ್ಟು ದಿನ, ಬಂದ್ನೇನೋ ಅನಿಸಿತ್ತು. ನಿನಗ ಅನಿಸಿತ್ತಲ್ಲ, ಹಂಗ. ಆಮ್ಯಾಲ ಇಲ್ಲ.”

ಅಡಿವೆಪ್ಪನಿಗೆ ಕಾಲ ಕೆಳಗಿನ ಮಳಲು ಜಾರಿದಂತಾಯಿತು.

“ಹಂಗಾದರ ದಿನಾ ನಸುಕಿನ್ಯಾಗ ಎದ್ದು ಏನು ಮಾಡ್ತೀರಿ?”

“ಕರೀತೀನಿ.”

“ಅವ ಬರೂದಿಲ್ಲಲ್ಲ!”

“ಬರೂದು ಅವನ ಕೆಲಸ. ನನ್ನ ಕೈಯಾಗ ಇರೂದು ಕರಿಯೂದು. ಅದನ್ನ ನಾ ಬಿಟ್ಟಿಲ್ಲ.”

ಅಡಿವೆಪ್ಪನ ದನಿ ಏರಿತು. “ಇದನ್ನ ಮೊದಲ ಯಾಕ ಹೇಳಲಿಲ್ರಿ? ನಿಮ್ಮ ದನಿ ಕೇಳಿ ನಾ ಮನಿ ಬಿಟ್ಟು ಬಂದೆ. ಮನ್ಯಾಗ ಇದ್ದಿದ್ದರ ಆ ದಿನ ಹೊಳಿಗೆ ನಾ ಇಳೀತಿದ್ದೆ. ತಮ್ಮ ಉಳೀತಿದ್ದ.”

ಅಜ್ಜಾರು ಧೋತರವನ್ನು ಕಲ್ಲಿನ ಮೇಲೆ ಹರವಿದರು.

“ನೀ ಕೇಳಿರಲಿಲ್ಲ,” ಅಂದರು ಕೊನೆಗೆ. “ಇವತ್ತು ಕೇಳಿದಿ.”

“ನಾ ಹೋಗ್ತೀನ್ರಿ.”

“ಹೋಗು. ಬುತ್ತಿ ಕಟ್ಟಿಕೊಂಡು ಹೋಗು. ದಾರ್ಯಾಗ ಹಸಿವಾದೀತು.”

ತಾವೇ ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದುಕೊಟ್ಟರು. ಆ ಗಂಟನ್ನು ಒಲ್ಲೆ ಅನ್ನುವಷ್ಟು ಸಿಟ್ಟು ಅಡಿವೆಪ್ಪನಿಗೆ ಇತ್ತು. ಆದರೂ ಕೈ ಚಾಚಿದ.

ಊರಿಗೆ ಬಂದ. ತಮ್ಮನ ಹೆಂಡತಿ ನಿಂಗವ್ವ ಬಾಗಿಲಲ್ಲಿ ಅವನನ್ನು ಕಂಡು, ಸೆರಗು ಹೊದ್ದು, ಕಾಲಿಗೆ ನೀರು ತಂದಿಟ್ಟಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಮರುದಿನದಿಂದ ಅಡಿವೆಪ್ಪ ನೇಗಿಲು ಹಿಡಿದ. ಹೊಲದ ಕೆಲಸ ಮೈಯನ್ನು ದಣಿಸಿತು. ಮನಸ್ಸನ್ನು ದಣಿಸಲಿಲ್ಲ.

ದಿನಾ ಸಂಜೆ ದೇವರ ಜಗಲಿಗೆ ದೀಪ ಹಚ್ಚುವಾಗ ನಿಂಗವ್ವ ತುಟಿಯೊಳಗೇ ಏನೋ ಅನ್ನುತ್ತಿದ್ದಳು. ಯಾವುದೋ ಮಂತ್ರವಿರಬೇಕು ಎಂದುಕೊಂಡಿದ್ದ ಅಡಿವೆಪ್ಪ. ಒಂದು ಸಂಜೆ ಹತ್ತಿರದಿಂದ ಹಾದು ಹೋಗುವಾಗ ಕಿವಿಗೆ ಬಿತ್ತು. ಮಂತ್ರವಲ್ಲ, ಬೈಗುಳ.

“ಇದೇನು ನಿಂಗವ್ವಾ, ದೇವರನ್ನ ಬೈತೀಯಲ್ಲ?”

“ಮತ್ತ್ಯಾರನ್ನ ಬೈಲಿ ಭಾವ? ಹೊಳೀನ ಬೈದರ ಅದಕ್ಕ ಕಿವಿ ಇಲ್ಲ.”

“ಅಷ್ಟು ಸಿಟ್ಟಿದ್ದರ ದೀಪ ಯಾಕ ಹಚ್ಚತಿ?”

ಅವಳು ಬತ್ತಿಯನ್ನು ತುಸು ಮುಂದಕ್ಕೆ ಸರಿಸಿದಳು. “ಕತ್ತಲಾಗ ನಿಂತು ಬೈಯಾಕ ಬರೂದಿಲ್ಲ ನೋಡ್ರಿ. ಅವನ ಮಕ ನೋಡಿ ಬೈಬೇಕು.”

ಅಡಿವೆಪ್ಪ ದೇವರ ಜಗಲಿಯ ಕಡೆ ಮುಖ ಮಾಡುವುದನ್ನೇ ಬಿಟ್ಟಿದ್ದ.

ಬಿತ್ತನೆ ಮುಗಿದ ಹೊತ್ತಿಗೆ ಹರಿಗೋಲಿನ ಅಂಬಿಗ ಸುದ್ದಿ ತಂದ. “ಅಜ್ಜಾರಿಗೆ ಲಕ್ವಾ ಹೊಡದೈತಿ. ಬಲಗೈ ಬಿದ್ದೈತಿ. ಬಾಯಿ ಹೋಗೇತಿ.”

ಅಡಿವೆಪ್ಪ ಕಟ್ಟೆಯ ಮೇಲೆ ಕೂತೇ ಇದ್ದ. ನಿಂಗವ್ವ ಆಗಲೇ ರೊಟ್ಟಿ ತಟ್ಟಲು ಕೂತಿದ್ದಳು.

“ಹೋಗಿ ಬರ್ರಿ ಭಾವ. ಹೊಲಕ್ಕ ನಮ್ಮಣ್ಣನ್ನ ಕರಸ್ತೀನಿ.”

“ನಾ ಸಿಟ್ಟು ಮಾಡಿಕೊಂಡು ಬಂದವ, ನಿಂಗವ್ವಾ.”

“ಸಿಟ್ಟು ಇದ್ದರ ಇರಲಿ. ನಿಮ್ಮ ತಮ್ಮ ಹೋದ ಮ್ಯಾಲ ಅಜ್ಜಾರು ಸೋಮವಾರಕ್ಕೊಮ್ಮೆ ಬಂದು, ನೀವು ಕುಂತೀರಲ್ಲ, ಅದ ಕಟ್ಟಿ ಮ್ಯಾಲ ಕುಂತು ಹೋಗತಿದ್ರು. ಒಂದು ಮಾತು ಆಡತಿರಲಿಲ್ಲ. ನೀವು ಬಂದ ಮ್ಯಾಲ ಬಿಟ್ಟರು.”

ಇದು ಅಡಿವೆಪ್ಪನಿಗೆ ಗೊತ್ತೇ ಇರಲಿಲ್ಲ.

ಅವನು ಮಠ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಕೋಣೆಯಲ್ಲಿ ಅಜ್ಜಾರಿಲ್ಲ. ಹಿರಿಯ ಶಿಷ್ಯ ಕಲ್ಲಯ್ಯ ಹೊಳೆಯ ಕಡೆ ಕೈ ತೋರಿಸಿದ.

“ಬ್ಯಾಡಂದ್ರ ಕೇಳೂದಿಲ್ಲ. ಹೊತ್ತುಕೊಂಡು ಹೋಗಿ ಕೂಡಸಬೇಕು. ಇಲ್ಲಾಂದ್ರ ತೆವಳಿಕೊಂಡು ಹೊರಡತಾರ.”

ಬಂಡೆಯ ಮೇಲೆ ಅಜ್ಜಾರು ಒಂದು ಕಡೆಗೆ ವಾಲಿ ಕೂತಿದ್ದರು. ಬಾಯಿ ಸೊಟ್ಟಗಾಗಿತ್ತು. ಜೊಲ್ಲು ಗಡ್ಡಕ್ಕೆ ಇಳಿಯುತ್ತಿತ್ತು.

“ಹಿ… ಹಿ…”

ಅಷ್ಟೇ. ಅದರಾಚೆ ಬರುತ್ತಿರಲಿಲ್ಲ. ಉಸಿರು ತುಂಬಿಕೊಂಡು ಮತ್ತೆ, “ಹಿ…” ಕೊರಳಿನ ನರಗಳು ಉಬ್ಬಿ ನಿಲ್ಲುತ್ತಿದ್ದವು. ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸಿಕೊಳ್ಳದೆ ಮತ್ತೆ, “ಹಿ…”

ಕಲ್ಲಯ್ಯ ತಡೆಯಲಾರದೆ ಹೇಳಿದ: “ಸಾಕ್ರಿ ಅಜ್ಜಾರ. ಮನಸಿನ್ಯಾಗ ಅಂದುಕೊಳ್ರಿ. ಅವಗ ತಿಳೀತೈತಿ.”

ಅಜ್ಜಾರು ತಲೆಯಾಡಿಸಿ ಬೇಡವೆಂದರು. ಮತ್ತೆ ಬಾಯಿ ತೆರೆದರು.

ಅಡಿವೆಪ್ಪ ದೂರದಲ್ಲೇ ನಿಂತು ನೋಡಿದ. ಈ ಮನುಷ್ಯನಿಗೆ ದೇವರು ಒಮ್ಮೆಯೂ ಕಂಡಿಲ್ಲ. ಕೊಟ್ಟದ್ದೇನೂ ಇಲ್ಲ. ಇದ್ದ ದನಿಯನ್ನೂ ಈಗ ಕಿತ್ತುಕೊಂಡಾಯಿತು. ಆದರೂ ಈ ಮುದುಕ ಒಡೆದ ಕೊಡದಲ್ಲಿ ನೀರು ಹೊರುವವನ ಹಾಗೆ ಮತ್ತೆ ಮತ್ತೆ ಹೊಳೆಗೆ ಬರುತ್ತಿದ್ದಾನೆ. ತಾನು ಹಿಂದೆ ನಮಸ್ಕಾರ ಮಾಡಿದ್ದು ಅಭ್ಯಾಸದಿಂದ. ಈಗ ಅಡಿವೆಪ್ಪ ಬಂಡೆಯ ಹತ್ತಿರ ಬಂದು ಮೊಣಕಾಲೂರಿದ.

ಅಜ್ಜಾರು ಅವನನ್ನು ಕಂಡರು. ಬದುಕಿದ್ದ ಎಡಗೈಯಿಂದ ಅವನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಅವನ ತುಟಿ ಮುಟ್ಟಿದರು. ತಮ್ಮ ತುಟಿ ಮುಟ್ಟಿಕೊಂಡರು.

ಕಲ್ಲಯ್ಯನಿಗೆ ತಿಳಿಯಲಿಲ್ಲ. ಅಡಿವೆಪ್ಪನಿಗೆ ತಿಳಿಯಿತು.

“ನನ್ನ ಕಡೆ ಆಗೂದಿಲ್ರಿ ಅಜ್ಜಾರ. ಕಲ್ಲಯ್ಯ ಹೇಳಿಕೊಡತಾನ. ನಾ ಬಿಟ್ಟು ಭಾಳ ದಿನ ಆತು.”

ಬೆರಳು ಮತ್ತೆ ಅವನ ತುಟಿಯ ಮೇಲೇ ಬಂದು ಕೂತಿತು.

ಅಡಿವೆಪ್ಪ ಗಂಟಲು ಸರಿಮಾಡಿಕೊಂಡ. ಕಲ್ಲು ಎಳೆದ ಹಾಗೆ ಹೊರಬಂತು: “ಶಿವಾ.”

ಅಜ್ಜಾರು ತಾಯಿಯ ಬಾಯಿ ನೋಡುವ ಕೂಸಿನ ಹಾಗೆ ಅವನ ಬಾಯಿ ನೋಡಿದರು. “ಹಿ…”

“ಶಿ.”

“ಹಿ…”

“ನಾಲಿಗಿ ಮ್ಯಾಲೆತ್ತರಿ. ಹಲ್ಲಿನ ಸಂದ್ಯಾಗ ಗಾಳಿ ಬಿಡ್ರಿ. ಶಿ.”

ಅಂದಿನಿಂದ ಅದೇ ಅವನ ದಿನಚರಿ. ರೋಗ ಅಜ್ಜಾರ ಬಲಗಿವಿಯನ್ನೂ ಕೆಡಿಸಿತ್ತು. ಅಡಿವೆಪ್ಪ ಎಡಕ್ಕೆ ಕೂತು ಗಟ್ಟಿಯಾಗಿ ಕೂಗಬೇಕಿತ್ತು. ಆಚೆ ದಂಡೆಯ ದನಗಾಹಿಗಳು ತಿರುಗಿ ನೋಡುತ್ತಿದ್ದರು.

ಒಂದು ದಿನ ಬಂದ ಅಕ್ಷರ ಮರುದಿನ ಮಾಯವಾಗುತ್ತಿತ್ತು. ಮತ್ತೆ ಮೊದಲಿನಿಂದ. ಚಳಿ ಏರಿದಾಗ ವೈದ್ಯರು ಹೊಳೆಯ ಗಾಳಿ ಬೇಡವೆಂದರು. ಅಜ್ಜಾರನ್ನು ಪಡಸಾಲೆಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂರಿಸಿದರು. ಕೆಮ್ಮು ಹತ್ತಿತು, ಜ್ವರ ಬಂತು. ಪಾಠ ನಿಲ್ಲಲಿಲ್ಲ.

ಏಳಲಾರೆ ಅನ್ನಿಸುವ ಬೆಳಗುಗಳಿದ್ದವು. ಇವತ್ತೊಂದು ದಿನ ಬಿಡೋಣ ಎಂದು ಅಡಿವೆಪ್ಪ ಕಂಬಳಿಯೊಳಗೆ ಮುದುಡಿಕೊಳ್ಳುತ್ತಿದ್ದ. ಆಚೆ ಕೋಣೆಯಿಂದ ಕೇಳುತ್ತಿತ್ತು: “ಹಿ…” ಅವನು ಕಂಬಳಿ ಕಿತ್ತೊಗೆದು ಎದ್ದು ಹೋಗುತ್ತಿದ್ದ.

ಬೇವು ಚಿಗುರುವ ಕಾಲಕ್ಕೆ ಒಂದು ಮುಂಜಾನೆ ಮಾತು ಬಂತು.

“ಸಿ… ವಾ.”

ಸೊಟ್ಟ ಬಾಯಿಯ ಸೊಟ್ಟ ಮಾತು. ಆದರೆ ಹೆಸರು ಪೂರ್ತಿ ಇತ್ತು. ಕಲ್ಲಯ್ಯ ಕಂಬ ಹಿಡಿದುಕೊಂಡು ಗೊಳೋ ಎಂದು ಅತ್ತ. ಅಜ್ಜಾರು ಮತ್ತೊಮ್ಮೆ ಅಂದರು. ಮತ್ತೊಮ್ಮೆ. ಕಳೆದ ಕರು ಮನೆಗೆ ಬಂದಾಗ ಮೈಯೆಲ್ಲ ಸವರಿ ನೋಡುವ ಹಾಗೆ ಆ ಹೆಸರನ್ನು ಅಂದು ಅಂದು ನೋಡಿದರು.

ಆ ಹೆಸರಿನ ಬೆನ್ನಿಗೆ ಉಳಿದ ಮಾತುಗಳೂ ಬಂದವು. ನೀರು. ಹಸಿವು. ಕಲ್ಲಯ್ಯ. ಅಡಿವೆಪ್ಪ.

ಮಠಕ್ಕೆ ಮಠವೇ ಹಿಗ್ಗಿತು. ಊರವರು ಬಂದು ಅಡಿವೆಪ್ಪನ ಕೈ ಹಿಡಿದು, ಗುರುವಿಗೇ ಶಿವನಾಮ ಕೊಟ್ಟ ಪುಣ್ಯವಂತ ಎಂದರು. ಅವನಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಎಲ್ಲರೂ ಹೋದ ಮೇಲೆ ಅಜ್ಜಾರ ಎಡಕ್ಕೆ ಬಂದು ಕೂತ.

“ಅಜ್ಜಾರ, ಜನ ಏನೋ ಅಂತಾರ. ನಿಮ್ಮ ಮುಂದ ಸುಳ್ಳು ಬ್ಯಾಡ. ಇಷ್ಟು ದಿನ ನಾ ಕರದದ್ದು ದೇವರನ್ನಲ್ಲ. ನಿಮಗ ಬಾಯಿ ಬರಲಿ ಅಂತ ಕೂಗಿದೆ, ಅಷ್ಟ. ಒಳಗ ಏನೂ ಇರಲಿಲ್ಲ. ಭಕ್ತಿ ಇಲ್ಲ, ಕಣ್ಣೀರಿಲ್ಲ. ತಮ್ಮನ್ನ ಕಳಕೊಂಡ ಸಿಟ್ಟು ಸೈತ ಹೋಗಿಲ್ಲ. ಬರೇ ಒಣ ಬಾಯಿ. ಅಂಥಾ ಕೂಗು ಅವನ ತನಕ ಹ್ಯಾಂಗ ಮುಟ್ಟೀತು?”

ಅಜ್ಜಾರು ಎಡಗೈಯನ್ನು ಅವನ ತೋಳಿನ ಮೇಲಿಟ್ಟರು. ಮಾತು ಇನ್ನೂ ತಡವರಿಸುತ್ತಿತ್ತು. ಒಂದೊಂದೇ ಪದವನ್ನು ಹುಡುಕಿ ತೆಗೆದರು.

“ಅರ್ಧ ಕಿವುಡ ಮುದುಕ ನಾನು,” ಅಂದರು. “ನನಗ ಮುಟ್ಟಿತಲ್ಲಪಾ.”