ನಾಳೆಯ ಗುಡ್ಡ

ಗ್ರೀಕರ ನಾಡಿನಲ್ಲಿ ಅರ್ಕೇನಾ ಎಂಬ ಹಾಳು ಪಟ್ಟಣದ ಹೊರಗೆ ಒಂದು ಬೋಳು ಗುಡ್ಡವಿದೆ. ಅದರ ಇಳಿಜಾರಿನಲ್ಲಿ ಆಳೆತ್ತರದ ಕಲ್ಲುಗಳು ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಿಂತಿವೆ, ಒಂದೊಂದರ ಎದೆಯ ಮೇಲೂ ಗುರಾಣಿ ಕೆತ್ತಿದೆ. ನೆತ್ತಿಯ ಮೇಲೆ ಮುರುಕು ಬಲಿಪೀಠ. ಸುತ್ತಲಿನ ಕುರಿಗಾಹಿಗಳು ಇದನ್ನು ನಾಳೆಯ ಗುಡ್ಡ ಎನ್ನುತ್ತಾರೆ. ಇಂಥ ಹೆಸರನ್ನು ಯಾರು ತಾನೇ ಇಷ್ಟಪಟ್ಟು ಇಟ್ಟಾರು?

ಹಿಂದೆ ಒಮ್ಮೆ ಅರ್ಕೇನಾದ ದಂಡನಾಯಕನೊಬ್ಬ ಯುದ್ಧ ಗೆದ್ದು ಬಂದವನು ಅಧಿಕಾರ ಬಿಟ್ಟುಕೊಡದೆ ಊರನ್ನೇ ತುಳಿದನಂತೆ. ಅವನು ಸತ್ತ ಮೇಲೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಜನ ಒಂದು ಕಟ್ಟಳೆ ಮಾಡಿದರು. ಸೇನೆಗೆ ಇಬ್ಬರು ನಾಯಕರು, ದಿನಕ್ಕೊಬ್ಬರ ಸರದಿ. ಅಧಿಕಾರದ ಕೋಲು ಸೂರ್ಯ ಹುಟ್ಟುವಾಗ ಮಾತ್ರ ಕೈ ಬದಲಾಗಬೇಕು. ಸರದಿ ಇಲ್ಲದವನು ಬಲಿಪೀಠದ ಬಳಿ ಬರಿಗೈಯಲ್ಲಿ ನಿಲ್ಲಬೇಕು. ಬಾಯಿಬಿಟ್ಟು ಅಪ್ಪಣೆ ಕೊಟ್ಟನೋ, ಅವನಿಗೂ ಅದನ್ನು ಪಾಲಿಸಿದವರಿಗೂ ಸಾವೇ ಶಿಕ್ಷೆ. ಈ ಕಟ್ಟಳೆಗೆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತಿದವನು ನಿಕಾಂದ್ರೋಸ್. ಆ ದುಷ್ಟ ನಾಯಕ ಅವನ ತಂದೆಯನ್ನು ಕೊಲ್ಲಿಸಿದ್ದ.

ಅದೇ ನಿಕಾಂದ್ರೋಸ್ ಮುಂದೆ ಇಬ್ಬರು ನಾಯಕರಲ್ಲಿ ಒಬ್ಬನಾದ. ನೆರೆಯ ಪಟ್ಟಣದವರು ದಂಡೆತ್ತಿ ಬಂದ ದಿನ ಸರದಿ ಫೈದಿಮೋಸ್ ಎಂಬವನದು. ಕಾಳಗ ಇನ್ನೂ ಕಾವೇರಿರಲಿಲ್ಲ, ಎಲ್ಲಿಂದಲೋ ಹಾರಿಬಂದ ಬಾಣ ಫೈದಿಮೋಸನ ಗಂಟಲಿಗೆ ನಾಟಿತು. ಕೋಲು ಉರುಳಿ ಹುಲ್ಲಿನಲ್ಲಿ ಬಿತ್ತು. ಈ ಗುಡ್ಡದ ಇಳಿಜಾರಿನಲ್ಲಿ ಸಾಲುಗಟ್ಟಿದ್ದ ಸೇನೆ ದಂಗುಬಡಿದು ನಿಂತಿತು. ನೆತ್ತಿಯ ಬಲಿಪೀಠದ ಬಳಿ ಬರಿಗೈಯಲ್ಲಿ ನಿಂತಿದ್ದ ನಿಕಾಂದ್ರೋಸನಿಗೆ ಎಲ್ಲವೂ ಕಾಣುತ್ತಿತ್ತು. ಒಣಹಳ್ಳದ ಮರೆಯಲ್ಲಿ ಶತ್ರುಗಳು ಎರಡೂ ಕಡೆಯಿಂದ ಸುತ್ತುಗಟ್ಟುತ್ತಿದ್ದರು. ನೆತ್ತಿಯ ದಾರಿಯೊಂದು ಇನ್ನೂ ತೆರೆದಿತ್ತು. ಕೊನೆಯ ಸಾಲಿನಲ್ಲಿದ್ದ ಅವನ ತಮ್ಮ ಮೋಲೋನ್ ತಿರುಗಿ ನಿಂತು ಕೂಗಿದ: "ಅಣ್ಣಾ, ಏನಾದರೂ ಹೇಳು! ನೀನು ಹೇಳಿದರೆ ಕೇಳುತ್ತೇವೆ, ಆಮೇಲೆ ಊರಿನವರು ಕೊಂದರೆ ಕೊಲ್ಲಲಿ!"

ನಿಕಾಂದ್ರೋಸ್ ಬಾಯಿ ತೆರೆದ. ಹಿಂದೆ ಸರಿಯಿರಿ ಎಂದಿದ್ದರೆ ಸಾಕಿತ್ತು. ಅಪ್ಪನ ನೆನಪೋ, ಕಟ್ಟಳೆಯ ಭಯವೋ, "ಇವತ್ತು ನನ್ನ ದಿನವಲ್ಲ ತಮ್ಮಾ. ನಾಳೆ" ಎಂದುಬಿಟ್ಟ. ಅಯ್ಯೋ, ನಾಳೆಯಂತೆ! ಅಪ್ಪಣೆಯಿಲ್ಲದೆ ಸಾಲು ಬಿಡುವುದು ಅರ್ಕೇನಾದವರಿಗೆ ಸಾವಿಗಿಂತ ದೊಡ್ಡ ಅವಮಾನ. ಒಬ್ಬನೂ ಕದಲಲಿಲ್ಲ. ಶತ್ರುಗಳು ನಿಂತವರನ್ನು ನಿಂತಲ್ಲೇ ಕಡಿದರು. ಬಲಿಪೀಠದ ಬಳಿ ಇದ್ದವನನ್ನು ಮುಟ್ಟಬಾರದೆಂಬ ನೇಮ ಅವರಿಗೂ ಇತ್ತು. ನಿಕಾಂದ್ರೋಸನನ್ನು ಹಾಗೆಯೇ ಬಿಟ್ಟುಹೋದರು.

ಮರುದಿನ ಹೆಣ ಹುಡುಕಿಕೊಂಡು ಬಂದ ಹೆಂಗಸರು ಕಂಡದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೂರ್ಯ ಹುಟ್ಟಿದ. ನಿಕಾಂದ್ರೋಸ್ ಇಳಿದು ಬಂದು ಹುಲ್ಲಿನಿಂದ ಕೋಲನ್ನು ಎತ್ತಿಕೊಂಡ, ಮತ್ತೆ ನೆತ್ತಿಗೇರಿದ, ಬಿದ್ದಿದ್ದ ಸಾಲಿಗೆ ಗಂಟಲು ಹರಿಯುವಂತೆ ಅಪ್ಪಣೆ ಕೊಟ್ಟ: "ಹಿಂದೆ ಸರಿಯಿರಿ!" ಯಾರೂ ಸರಿಯದಿದ್ದಾಗ ತಮ್ಮನ ಹೆಸರು ಹಿಡಿದು ಗದರಿದನಂತೆ.

ಆ ಹೆಂಗಸರೇ, ಯಾರು ಎಲ್ಲಿ ಹೇಗೆ ಬಿದ್ದಿದ್ದರೋ ಹಾಗೆಯೇ, ಒಬ್ಬೊಬ್ಬರಿಗೆ ಒಂದೊಂದು ಕಲ್ಲು ನಿಲ್ಲಿಸಿದರು ಎನ್ನುತ್ತಾರೆ. ಇಂದು ಹೋದವರಿಗೂ ಅವು ಕಾಣುತ್ತವೆ. ಗುರಾಣಿಗಳೆಲ್ಲ ಇಳಿಜಾರಿನ ಕೆಳಗಡೆಗೆ ಮುಖ ಮಾಡಿವೆ. ಕೊನೆಯ ಸಾಲಿನ ಒಂದು ಕಲ್ಲು ಮಾತ್ರ ನೆತ್ತಿಯ ಕಡೆಗೆ ತಿರುಗಿ ನಿಂತಿದೆ.