ದುಂಡಮ್ಮನ ಮೂರು ಸಾಲು ಗೆಣಸು

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಏಳು ಗುಡ್ಡ ದಾಟಿದರೆ ಒಂದು ರಾಜ್ಯ. ಆ ರಾಜ್ಯದ ತುದೀಲಿ, ಅರಮನೆಯಿಂದ ಮತ್ತೆ ಏಳು ಗುಡ್ಡ ಆಚೆ, ಒಂದು ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ದುಂಡಮ್ಮ ಅಂತ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ತುಂಡು ಹೊಲ, ಬೂದಿ ಬಣ್ಣದ ಒಂದು ನಾಯಿ. ಹೊಲದಲ್ಲಿ ಗೆಣಸು ಬೆಳೀತಿದ್ದಳು. ಅವಳ ಗೆಣಸು ಬೇಯಿಸಿದರೆ ಬೆಲ್ಲ ಬೇಡ, ಅಷ್ಟು ಸಿಹಿ.

ಆ ಸಿಹಿ ಅವಳೊಬ್ಬಳಿಗೇ ಗೊತ್ತಿದ್ದರೆ ಕಥೆ ಇಲ್ಲಿಗೇ ಮುಗೀತಿತ್ತು. ಗುಡ್ಡದ ಬಿಲದಲ್ಲಿದ್ದ ಮುಳ್ಳುಹಂದಿಗಳಿಗೂ ಗೊತ್ತಾಯಿತು.

ಬೆಳಗಾಗೆದ್ದು ನೋಡ್ತಾಳೆ, ಬಳ್ಳಿ ಒಂದು ಕಡೆ, ಮಣ್ಣು ಒಂದು ಕಡೆ. ಗೆಡ್ಡೆ ಅರ್ಧ ತಿಂದು ಅರ್ಧ ಬಿಸಾಕಿವೆ.

"ತಿನ್ನೋದಾದ್ರೆ ಪೂರ್ತಿ ತಿನ್ನಬಾರದೇನ್ರೋ!" ಅಂತ ಬೈದುಕೊಂಡು ದುಂಡಮ್ಮ ಹೊಲದ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದಳು. ಮೈಯೆಲ್ಲ ಮುಳ್ಳು ಹೊತ್ತವರಿಗೆ ಬೇಲಿ ಮುಳ್ಳು ಯಾವ ಲೆಕ್ಕ? ನುಗ್ಗಿ ಬಂದವು, ತಿಂದು ಹೋದವು.

ಆಮೇಲೆ ತಮಟೆ ತಂದು ಬಡಿದಳು. ಒಂದು ದಿನ ಓಡಿದವು. ಎರಡು ದಿನ ಓಡಿದವು. ಮೂರನೇ ದಿನ ತಮಟೆ ಕೇಳ್ಕೊಂಡೇ ಕೂತು ತಿಂದವು.

ಕೊನೆಗೆ ನಾಯಿ ಬಿಟ್ಟಳು. ಹೋದ ನಾಯಿ ಕುಂಯ್‌ಗುಡ್ತಾ ವಾಪಸು ಬಂತು. ಮೂತಿ ತುಂಬ ಮುಳ್ಳು. ದುಂಡಮ್ಮ ಅದರ ತಲೆ ತೊಡೆ ಮೇಲಿಟ್ಟುಕೊಂಡು, ಎಣ್ಣೆ ಸವರಿ, ಒಂದೊಂದೇ ಮುಳ್ಳು ಕಿತ್ತಳು. ಕಿತ್ತ ಮುಳ್ಳನ್ನ ಬಿಸಾಕೋಕೆ ಹೋದವಳು ಹಾಗೇ ಕೈಯಲ್ಲಿ ಹಿಡಿದು ನೋಡಿದಳು. ನುಣುಪು ಅಂದ್ರೆ ನುಣುಪು, ಗಟ್ಟಿ ಅಂದ್ರೆ ಗಟ್ಟಿ. ಕಪ್ಪು ಬಿಳಿ ಪಟ್ಟೆ, ಯಾರೋ ಕೂತು ಬಣ್ಣ ಬಳಿದ ಹಾಗೆ.

"ಇಷ್ಟು ಚೆಂದದ ಸಾಮಾನು ಇಟ್ಕೊಂಡೋರು ಬರೀ ಕಳ್ಳರಾಗಿರೋಕೆ ಸಾಧ್ಯ ಇಲ್ಲ ಕಣೋ," ಅಂದಳು ನಾಯಿಗೆ. ನಾಯಿ ಒಪ್ಪಲಿಲ್ಲ ಅನ್ನಿ.

ಮಾರನೇ ದಿನದಿಂದ ಜಗಳ ಬಿಟ್ಟು ನೋಡೋದಕ್ಕೆ ಶುರು ಮಾಡಿದಳು. ಮುಳ್ಳುಹಂದಿ ದಿನಾ ಒಂದೇ ದಾರೀಲಿ ಬರ್ತವೆ, ಒಂದೇ ದಾರೀಲಿ ಹೋಗ್ತವೆ. ಆ ದಾರಿ ಪಕ್ಕ ಮೂರು ಸಾಲು ಗೆಣಸು ಬೇರೆಯಾಗಿ ನೆಟ್ಟಳು. ಮಿಕ್ಕ ಹೊಲದ ಸುತ್ತ ಮೊಣಕಾಲುದ್ದ ಆಳ ತೋಡಿ ಒತ್ತೊತ್ತಾಗಿ ಚಪ್ಪಡಿಕಲ್ಲು ನಿಲ್ಲಿಸಿದಳು. ಗುಡ್ಡದ ಕಡೆ ತಿರುಗಿ, "ನೋಡ್ರಪ್ಪಾ, ಈಚೆ ಮೂರು ಸಾಲು ನಿಮ್ದು. ಕಲ್ಲಿನ ಆಚೇದು ನಂದು," ಅಂದಳು. ಮುಳ್ಳುಹಂದಿಗೆ ಮಾತು ತಿಳಿಯುತ್ತೋ ಇಲ್ಲವೋ ನಾನು ಕಾಣೆ. ಹೊಟ್ಟೆ ತುಂಬಿದ್ದಂತೂ ತಿಳಿಯುತ್ತೆ. ಮೂರು ಸಾಲಲ್ಲೇ ಹೊಟ್ಟೆ ತುಂಬೋದಾದ್ರೆ ಕಲ್ಲು ಯಾರು ಅಗೀತಾರೆ?

ತಿಂದು ಹೋದ ಜಾಗದಲ್ಲಿ ಬೆಳಗ್ಗೆ ನಾಲ್ಕಾರು ಮುಳ್ಳು ಉದುರಿರುತ್ತಿದ್ದವು. ದುಂಡಮ್ಮ ಆಯ್ದಿಡುತ್ತಿದ್ದಳು. ಬುಟ್ಟಿ ಹೆಣೆಯೋರು ಸಂದು ಬಿಡಿಸೋಕೆ ಒಯ್ದರು. ಚಪ್ಪಲಿ ಹೊಲಿಯೋರು ತೂತು ಮಾಡೋಕೆ ಒಯ್ದರು. ಬಸುರಿ ಮಗಳಿದ್ದೋರು ಸೀಮಂತದಲ್ಲಿ ಬೈತಲೆ ತೆಗೆಯೋಕೆ ಒಯ್ದರು. ಬಂದೋರು ಬರಿಗೈಲಿ ಬರಲಿಲ್ಲ. ಒಬ್ಬರು ಸೇರು ರಾಗಿ, ಒಬ್ಬರು ಮೊರ, ಒಬ್ಬರು ಕುಪ್ಪಸದ ಬಟ್ಟೆ. ದುಂಡಮ್ಮನ ಮನೆ ಬಾಗಿಲಿಗೆ ಜನ ಬರೋ ಹಾಗಾಯಿತು. ಒಂಟಿ ಹೆಂಗಸಿಗೆ ರಾಗಿಗಿಂತ ಅದೇ ದೊಡ್ಡದು.

ಹೀಗಿರುವಾಗ ರಾಣಿ ಬಸುರಾದಳು. ಹತ್ತು ವರ್ಷ ಕಾದು ಆದ ಬಸುರು. ಸೀಮಂತಕ್ಕೆ ನಾಲ್ಕು ದಿನ ಇರುವಾಗ ಪುರೋಹಿತರು, "ಮೂರು ಬಿಳಿ ಪಟ್ಟೆ ಇರೋ ಮುಳ್ಳುಹಂದಿ ಮುಳ್ಳು ಬೇಕು ಪ್ರಭು," ಅಂದರು. ರಾಜ ತನ್ನ ಪಾರುಪತ್ಯಗಾರ ಹಂಪಯ್ಯನನ್ನ ಕರೆದು, "ತಂದುಕೊಟ್ಟವರು ಕೇಳಿದ್ದು ಕೊಡ್ತೀನಿ," ಅಂದ. ಹಂಪಯ್ಯ ಅರಮನೆ ಉಸ್ತುವಾರಿ ನೋಡೋನು. ಜಿಂಕೆ ಕೊಂಬಿನ ಹಿಡಿ ಇದ್ದ ಅಧಿಕಾರದ ಕೋಲು ಹಿಡಿದು, ಆಳುಗಳ ಜೊತೆ ದುಂಡಮ್ಮನ ಹೊಲಕ್ಕೆ ಬಂದ.

"ಮೂರು ಪಟ್ಟೇದು ಅಪರೂಪ ಬುದ್ಧಿ," ಅಂದಳು ದುಂಡಮ್ಮ. "ಇದ್ದದ್ದೆಲ್ಲ ಕೊಟ್ಟುಬಿಟ್ಟೆ. ನಾಲ್ಕು ದಿನ ಇದೆಯಲ್ಲ, ಕಾಯೋಣ. ಬಿದ್ದೀತು."

ಕಾಯೋದೇ? ಹಂಪಯ್ಯನ ತಲೆ ಬೇರೆ ಕಡೆ ಓಡ್ತಿತ್ತು. ಈ ಮುಳ್ಳೆಲ್ಲ ತನ್ನ ಮನೇಲಿದ್ದರೆ ರಾಣಿಯಿಂದ ಹಿಡಿದು ಊರ ಬಸುರಿಯರವರೆಗೆ ಎಲ್ಲರೂ ತನ್ನ ಬಾಗಿಲಿಗೇ ಬರಬೇಕಲ್ಲ! "ಗುಡ್ಡ ಅರಮನೇದು. ಹಂದೀನೂ ಅರಮನೇದೇ. ಬಿಲಕ್ಕೆ ಹೊಗೆ ಹಾಕ್ರೋ! ಹೊರಗೆ ಬಂದಿದ್ದನ್ನ ಬಡೀರಿ!" ಅಂದ.

ದುಂಡಮ್ಮ ಬಿಲದ ಬಾಯಿಗೆ ಅಡ್ಡ ನಿಂತಳು. ಬಿಲದೊಳಗೆ ತಾಯಿ ಹಂದಿ ಮರಿ ಹಾಕಿ ಮಲಗಿತ್ತು. ಅತ್ತರೆ ಇವನು ಕೇಳೋನಲ್ಲ, ಬೇಡಿದರೂ ಕೇಳೋನಲ್ಲ. ಇವನು ಕೇಳೋದು ತನ್ನ ಆಸೆ ಹೇಳಿದ ಮಾತು ಮಾತ್ರ ಅಂದುಕೊಂಡಳು.

"ಹೊಗೆ ಹಾಕಿದ್ರೆ ಮುಳ್ಳು ಮಸಿ ಹಿಡಿಯುತ್ತೆ ಬುದ್ಧಿ. ಬಿಳಿ ಪಟ್ಟೆ ಎಲ್ಲಿ ಕಾಣುತ್ತೆ? ಜೀವಂತ ತಗೊಂಡೋಗಿ, ವರ್ಷವೆಲ್ಲ ಮುಳ್ಳು ಸಿಗುತ್ತೆ. ನಾನೇ ಹಿಡಿದು ಕೊಡ್ತೀನಿ. ನಿಮ್ಮ ಮನೆ ಒಳಗೇ ಇಟ್ಕೊಳ್ಳಿ, ಹೊರಗೆ ಬಿಟ್ರೆ ಯಾರಾದ್ರೂ ಕದೀತಾರೆ."

"ಈಗ ಬಂತು ನಿಂಗೆ ಬುದ್ಧಿ," ಅಂತ ಹಂಪಯ್ಯ ಹಿಗ್ಗಿದ.

ದುಂಡಮ್ಮ ಮೂರು ಮಣ್ಣಿನ ಗುಡಾಣ ಅಡ್ಡ ಮಲಗಿಸಿ ಒಳಗೆ ಗೆಣಸಿಟ್ಟಳು. ಹೊತ್ತು ಮುಳುಗಿದ ಮೇಲೆ ಮೂರು ಗಂಡು ಹಂದಿ ಒಳಹೊಕ್ಕವು. ಗುಡಾಣದ ಬಾಯಿಗೆ ಕಲ್ಲು ಮುಚ್ಚಿ, ಉಸಿರಿಗೆ ಸಂದು ಬಿಟ್ಟು ಹಂಪಯ್ಯನಿಗೆ ಕೊಟ್ಟಳು. ತಾಯಿ, ಮರಿ ಬಿಲದಲ್ಲೇ ಉಳಿದವು.

ಮುಂದಿನದ್ದು ಹಂಪಯ್ಯನ ಮನೆ ಅಡುಗೆಯಾಕೆ ಆಮೇಲೆ ದುಂಡಮ್ಮನಿಗೆ ಹೇಳಿದ್ದು. ಮೊದಲನೇ ದಿನ ಹಂದಿಗಳು ಒಳ ಅಂಗಳ ಅಗೆದು, ಅವನ ಹೆಂಡತಿ ನೆಟ್ಟಿದ್ದ ಹೂವಿನ ಗೆಡ್ಡೆಯೆಲ್ಲ ತಿಂದವು. ಮುಳ್ಳು ಬಿದ್ದಿದೆಯಾ ಅಂತ ಹಂಪಯ್ಯ ಹುಡುಕಿದ. ಒಂದೂ ಇಲ್ಲ. ಎರಡನೇ ದಿನ ಬಾಗಿಲು ಕಡಿದವು, ತೊಟ್ಟಿಲ ಕಾಲು ಕಡಿದವು, ಉಪ್ಪು ತುಂಬಿಡೋ ಮರದ ಮರಿಗೆ ಕಡಿದವು. ಹೆಂಡತಿ ತವರಿಗೆ ಹೋದಳು. ಮುಳ್ಳು ಮಾತ್ರ ಇಲ್ಲ. ಮೂರನೇ ದಿನ ನೋಡ್ತಾನೆ, ಅಧಿಕಾರದ ಕೋಲಿನ ಕೊಂಬಿನ ಹಿಡಿ ಅರ್ಧ ಮಾಯ! ದೊಡ್ಡ ಹಂದಿ ಮೂಲೇಲಿ ಕೂತು ಕಟಕಟ ಅಂತ ಅಗೀತಿದೆ.

ಹಂಪಯ್ಯನಿಗೆ ಪಿತ್ತ ನೆತ್ತಿಗೇರಿತು. "ಉದುರಿಸಲ್ವಾ? ನಾನೇ ಕೀಳ್ತೀನಿ!" ಅಂತ ನುಗ್ಗಿದ. ಹಂದಿ ಬೆನ್ನು ತಿರುಗಿಸಿತು. ಗಲಗಲ ಅಂತ ಮುಳ್ಳು ಅಲುಗಿಸಿತು. ಹಂಪಯ್ಯ ಹೆದರಿ ತಿರುಗೋದೇ ತಡ, ಹಂದಿ ಹಿಂದಕ್ಕೆ ಓಡಿ ಬಂತು. ಕೂರೋ ಜಾಗ ಯಾವುದೋ ಅಲ್ಲಿಗೆ ಸರಿಯಾಗಿ ನಾಟಿತು.

ಮಾರನೇ ದಿನ ಸೀಮಂತ. ಹಂಪಯ್ಯ ಕೂರಲಾರ, ನಿಲ್ಲಲಾರ. ಸಭೆಯ ಪಕ್ಕದಲ್ಲೇ ಬೋರಲು ಮಲಗಿಸಿ ಅರಮನೆ ವೈದ್ಯ ಮುಳ್ಳು ಕಿತ್ತ. ಅದರಲ್ಲೊಂದಕ್ಕೆ ಮೂರು ಪಟ್ಟೆ ಇತ್ತು. "ಸಿಕ್ಕಿತು ಪ್ರಭು!" ಅಂತ ಹಂಪಯ್ಯ ನರಳುತ್ತಲೇ ಎತ್ತಿ ತೋರಿಸಿದ. ತುದಿಯಲ್ಲಿ ರಕ್ತ ತೊಟ್ಟಿಕ್ಕುತ್ತಿತ್ತು.

ರಾಣಿ ಮುಖ ತಿರುಗಿಸಿದಳು. "ನೋವು ತಿಂದು ಬಂದ ಮುಳ್ಳು ನನ್ನ ಬೈತಲೆಗೆ ಬೇಡ."

ಪುರೋಹಿತರು ಹೊತ್ತು ನೋಡಿದರು. ಮುಹೂರ್ತ ಜಾರ್ತಿತ್ತು. ಆಗ ದುಂಡಮ್ಮ ಏದುಸಿರು ಬಿಡ್ತಾ ಒಳಗೆ ಬಂದಳು. ಬೆಳಗಿನ ಜಾವ ತಾಯಿ ಹಂದಿ ಗೆಣಸು ತಿಂದು ಹೋದ ಜಾಗದಲ್ಲಿ ಒಂದು ಮುಳ್ಳು ಬಿದ್ದಿತ್ತು. ಅದನ್ನ ಸೆರಗಿನ ತುದೀಲಿ ಕಟ್ಟಿಕೊಂಡು ಏಳು ಗುಡ್ಡ ನಡೆದು ಬಂದಿದ್ದಳು. ಬಿಚ್ಚಿದಳು. ಒಂದು, ಎರಡು, ಮೂರು ಬಿಳಿ ಪಟ್ಟೆ.

ರಾಣಿಯ ಬೈತಲೆ ತೆಗೆದರು, ಸೋಬಾನೆ ಹಾಡಿದರು. ರಾಜ ಕೇಳಿದ, "ಏನು ಬೇಕಮ್ಮಾ ನಿಂಗೆ?"

"ಗುಡ್ಡಕ್ಕೆ ಯಾರೂ ಹೊಗೆ ಹಾಕಬಾರದು ಪ್ರಭು. ಆ ಮೂರು ಹಂದಿ ಮನೆಗೆ ಬರಬೇಕು. ಅಷ್ಟು ಸಾಕು."

"ಹೊಗೆ ಹಾಕ್ತೀನಿ ಅಂದೋರ್ಯಾರು?" ಅಂದ ರಾಜ. ಎಲ್ಲರೂ ಬೋರಲು ಮಲಗಿದ್ದವನ ಕಡೆ ನೋಡಿದರು. ಪಾರುಪತ್ಯ ಅವತ್ತೇ ಹೋಯಿತು. ಗಾಯ ಕೊಂಚ ಮಾಗಿದ ಮೇಲೆ ಹಂಪಯ್ಯನೇ ಮೂರು ಸಲ ಏಳೇಳು ಗುಡ್ಡ ಹತ್ತಿಳಿದು, ಒಂದೊಂದೇ ಗುಡಾಣ ತಲೆ ಮೇಲೆ ಹೊತ್ತು ತಂದು ಬಿಲದ ಬಾಯಲ್ಲಿ ಇಳಿಸಿದ. ಕೊನೇ ಸಲ ಬಂದಾಗ ಸುಸ್ತಾಗಿ ಬೇಲಿ ಪಕ್ಕ ನಿಂತ. ದುಂಡಮ್ಮ ಎಲೇಲಿ ಬಿಸಿ ಗೆಣಸು ಇಟ್ಟು ಕೊಟ್ಟಳು. ಅವನು ನಿಂತ್ಕೊಂಡೇ ತಿಂದ.

ಅದಕ್ಕೇ ಹಿರಿಯರು ಅನ್ನೋದು ಮಕ್ಕಳೇ: ಹಂಚಿಕೊಂಡು ಬಾಳೋರಿಗೆ ಮುಳ್ಳೂ ಒದಗುತ್ತೆ, ಕಿತ್ತುಕೊಳ್ಳೋಕೆ ಹೋದೋರಿಗೆ ಮುಳ್ಳೇ ಮಿಕ್ಕುತ್ತೆ.