ಮೂವತ್ತು ಕುರಿಗಳ ಲೆಕ್ಕ

“ಗುರುಗಳೇ, ನನಗೆ ಸಾಕಾಗಿದೆ,” ಎಂದ ಶಿಷ್ಯ. ಅವನು ಗಡಿಯ ಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದ. “ನನ್ನ ತರಗತಿಯಲ್ಲಿ ನಾಲ್ಕು ಮನೆಮಾತಿನ ಮಕ್ಕಳಿದ್ದಾರೆ. ಅವರವರ ಮಾತಿನಲ್ಲೇ ಹೇಳಿ ನೋಡಿದೆ. ಆದರೂ ಕೆಲವರು ಬಾಯಿ ಬಿಡುವುದಿಲ್ಲ. ಅಂಥವರನ್ನು ಕೈಬಿಟ್ಟರೆ ತಪ್ಪೇ?”

ಇದೇ ಪ್ರಶ್ನೆಯನ್ನು ಹಲವರ ಬಾಯಲ್ಲಿ ಕೇಳಿ ಕೇಳಿ ಗುರುಗಳೂ ದಣಿದಿದ್ದರು. “ಕೂತುಕೋ,” ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಈ ಕತೆಯನ್ನು ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಊರಾಚೆ ಕುರಿಗಾಹಿಗಳ ಹಟ್ಟಿಯಿತ್ತು. ಹಟ್ಟಿಯ ಮಾತು ಬೇರೆ, ಶಾಲೆಯ ಮಾತು ಬೇರೆ. ಅಲ್ಲಿಂದ ಒಬ್ಬಳೇ ಒಬ್ಬಳು ಹುಡುಗಿ ಶಾಲೆಗೆ ಬಂದಳು. ಓದುವ ಆಸೆ ಎಷ್ಟೆಂದರೆ, ಬಾಗಿಲು ತೆರೆಯುವ ಮೊದಲೇ ಬಂದು ಜಗಲಿಯಲ್ಲಿ ಕೂತಿರುತ್ತಿದ್ದಳು.

ಕುರಿಗಾಹಿಯ ಮಗಳಿಗೆ ಕುರಿಯ ಲೆಕ್ಕವೇ ಸುಲಭವೆಂದು ಮೇಷ್ಟ್ರು ಬುದ್ಧಿ ಓಡಿಸಿದರು. “ಒಬ್ಬನ ಬಳಿ ಮೂವತ್ತು ಕುರಿಗಳಿದ್ದವು. ಏಳು ಸತ್ತವು. ಉಳಿದವೆಷ್ಟು?” ಎಂದು ಕೇಳಿದರು. ಹುಡುಗಿ ಎದ್ದು ನಿಂತಳು, ಉತ್ತರ ಹೇಳಲಿಲ್ಲ. ಭಾಷೆ ತಿಳಿಯಲಿಲ್ಲವೇನೋ ಎಂದು ಹಲಗೆಯ ಮೇಲೆ ಮೂವತ್ತು ಕುರಿ ಬರೆದು, ಏಳನ್ನು ಒಂದೊಂದಾಗಿ ಹೊಡೆದುಹಾಕಿ ತೋರಿಸಿದರು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಕೊನೆಗೆ ಕಂಬಳಿ ಮಾರುವವನೊಬ್ಬನಿಂದ ಅವಳ ಮಾತು ಕಲಿತು, ಆ ಮಾತಿನಲ್ಲೇ ಕೇಳಿದರು. ಅವಳು ಹಿಗ್ಗಿ ತಲೆ ಎತ್ತಿದಳು, ಪ್ರಶ್ನೆ ಮುಗಿಯುವುದರೊಳಗೆ ಮತ್ತೆ ತಗ್ಗಿಸಿದಳು.

ಪಾಪ, ಅವರೂ ಎಷ್ಟೆಂದು ತಡೆದಾರು? ಬೈದರು, ಬಿಸಿಲಲ್ಲಿ ನಿಲ್ಲಿಸಿದರು. ಇವಳಿಗೆ ಬಂದರೆ ಇದೇ ಬರಬೇಕು ಎಂದು ಪ್ರತಿ ಪರೀಕ್ಷೆಯಲ್ಲೂ ಅದನ್ನೇ ಕೇಳಿದರು. ಹೀಗೆ ಮೂರು ವರ್ಷ ಅವಳು ಒಂದೇ ತರಗತಿಯಲ್ಲಿ ಉಳಿದಳು. ಮೂರು ಸಲ ಅನುತ್ತೀರ್ಣರಾದವರ ಹೆಸರು ತೆಗೆಯಬೇಕೆಂಬುದು ಆ ಶಾಲೆಯ ನಿಯಮ. ಮೇಷ್ಟ್ರು ಹಾಜರಿ ಪುಸ್ತಕದಿಂದ ಅವಳ ಹೆಸರು ತೆಗೆದು, ತಂದೆಯನ್ನು ಕರೆಸಿದರು.

“ನಿನ್ನ ಮಗಳಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಕಣಪ್ಪ.”

“ಸಂಜೆ ದೊಡ್ಡಿ ಬಾಗ್ಲಲ್ಲಿ ನಿಂತು ಕುರಿ ಒಳಗ್ಬಿಡೋಳೇ ಇವಳು ಸ್ವಾಮಿ. ಎಷ್ಟು ಬಂದ್ವು, ಎಷ್ಟು ಬರ್ಬೇಕು, ಎಲ್ಲಾ ಇವಳ ತಲೇಲೇ ಇರ್ತದೆ. ನೀವು ಏನ್ ಕೇಳಿದ್ರಿ?”

ಮೇಷ್ಟ್ರು ಪ್ರಶ್ನೆಯನ್ನು ಹೇಳಿದರು. ತಂದೆಯ ಮುಖ ಕಪ್ಪಿಟ್ಟಿತು. ಅವನು ಮಗಳ ಕಡೆ ತಿರುಗಿ ತಮ್ಮ ಮಾತಿನಲ್ಲಿ ಕೇಳಿದ: “ನೀನು ಹೇಳಲಿಲ್ಲ ತಾನೆ?”

“ಇಲ್ಲ ಅಪ್ಪ. ಒಂದು ಸಲವೂ ಹೇಳಲಿಲ್ಲ.”

“ಒಳ್ಳೇದು ಮಾಡಿದೆ, ಮಗಳೇ.”

ಅಷ್ಟು ಮಾತು ಮೇಷ್ಟ್ರಿಗೆ ಅರ್ಥವಾಯಿತು. ತಂದೆ ಅವರಿಗೆ ವಿವರಿಸಿದ: “ಕುರಿಗೆ ಸಾವಿನ ಮಾತು ನಾವು ಬಾಯಲ್ಲಿ ಆಡೋದಿಲ್ಲ ಸ್ವಾಮಿ. ಆಡಿದ್ರೆ ಹಿಂಡಿಗೆ ತಗಲ್ತದೆ. ಇಷ್ಟೇ ಉಳೀತು ಅಂದ್ರೂ ಆ ಮಾತು ಆಡ್ದಂಗೇ ಅಲ್ವಾ, ಇವಳು ಹ್ಯಾಗೆ ಹೇಳ್ತಾಳೆ? ದೊಡ್ಡೀಲಿ ಇರೋವೆಲ್ಲಾ ಇವಳು ಹೆಸರಿಟ್ಟು ಸಾಕಿದ ಕುರಿಗಳು.”

ಮೇಷ್ಟ್ರು ಎದ್ದು ಅವನ ಕೈ ಹಿಡಿದುಕೊಂಡರು. “ತಪ್ಪಾಯಿತು. ಇವಳನ್ನು ಬಿಟ್ಟುಹೋಗು. ಹೆಸರು ಮತ್ತೆ ಬರೆಯುತ್ತೇನೆ, ಬೇರೆ ಲೆಕ್ಕ ಕೊಡುತ್ತೇನೆ.”

ತಂದೆ ಮಗಳ ಮುಖ ನೋಡಿದ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

“ಮೂರು ವರ್ಷ ನಿಂತಿದ್ದಾಳೆ ಸ್ವಾಮಿ. ಇನ್ನು ಇವಳ ಕೈಲಾಗೋದಿಲ್ಲ,” ಎಂದು ಅವನು ಮಗಳನ್ನು ಕರೆದುಕೊಂಡು ಹೊರಟುಹೋದ. ಅವಳು ಮತ್ತೆ ಆ ಜಗಲಿ ಹತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆದರೆ ಗುರುಗಳೇ, ಆ ಮೇಷ್ಟ್ರು ಕೈಲಾದುದನ್ನೆಲ್ಲ ಮಾಡಿದರಲ್ಲ?”

“ಮಾಡಿದರಪ್ಪ, ಅವಳು ಬಾಯಿ ಬಿಡದೆ ಏಳು ಕುರಿಗಳನ್ನು ಉಳಿಸಿಕೊಂಡಳು, ಅವರಿಗೆ ಅವಳೊಬ್ಬಳನ್ನು ಉಳಿಸಿಕೊಳ್ಳಲಾಗಲಿಲ್ಲ.”